ಕಾಯ್ಕಿಣಿ ಬೊಮ್ಮಯ್ಯನ ಪ್ಲೇಟು

ಹೊನ್ನಾವರದ ಎಕ್ಸ್‌ರೇ ಸೆಂಟರಿನ ಮೋಹನನಿಗೆ ಎರಡು ವಿಷಯದಲ್ಲಿ ಭಾರೀ ಜಂಬ ಇತ್ತು. ಎದೆಯ ಪ್ಲೇಟನ್ನು ಡಾಕ್ಟರು ನೋಡುವ ಮೊದಲೇ ತಾನು ಓದಿಬಿಡುತ್ತೇನೆ ಅನ್ನುವುದು ಒಂದು. ಪ್ಲೇಟುಗಳನ್ನು ಹೆಸರು, ಊರು ಬರೆದು ಇಡುವ ತನ್ನ ಪದ್ಧತಿ ಇನ್ನೊಂದು. ಮೊದಲನೆಯದು ಪೂರ್ತಿ ಸುಳ್ಳೇನಲ್ಲ. ಒಂಬತ್ತು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ಊರವರ ಪಕ್ಕೆಲುಬು ನೋಡಿದವನಿಗೆ ಅಷ್ಟಾದರೂ ಬರದೆ ಇರುತ್ತದೆಯೆ? ಎರಡನೆಯದು ಏನು ಮಾಡಿತು ಅನ್ನುವುದನ್ನೇ ಈಗ ಹೇಳುತ್ತೇನೆ.

ಆ ಸೆಂಟರಿಗೆ ಮೂರು ಶಾಖೆ. ಭಟ್ಕಳದಲ್ಲಿ ರೇಖಾ, ಹೊನ್ನಾವರದಲ್ಲಿ ಮೋಹನ. ಪ್ಲೇಟು ನೋಡಿ ಇಂಥ ಕಾಯಿಲೆ ಅಂತ ಬರೆಯುವ ಡಾಕ್ಟರ್ ಹೇಮಾ ಮಾತ್ರ ಕುಮಟೆಯಲ್ಲಿ. ಮೊದಮೊದಲು ಪ್ಲೇಟುಗಳನ್ನು ಕಂದು ಬಣ್ಣದ ಕವರಿನಲ್ಲಿ ಹಾಕಿ ಕುಮಟೆ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಸಂಜೆ ಬಸ್ಸಿಗೆ ರಿಪೋರ್ಟು ಬರುತ್ತಿತ್ತು, ಬಂದರೆ. ಒಮ್ಮೆ ಕಂಡಕ್ಟರ್ ಮರೆತು ಯಾರದೋ ಮುರಿದ ಮೊಣಕಾಲು ಕಾರವಾರಕ್ಕೆ ಹೋಗಿ, ಅಲ್ಲಿ ಎರಡು ದಿನ ಡಿಪೋದಲ್ಲಿ ಬಿದ್ದುಕೊಂಡು, ಮೂರನೆಯ ದಿನ ವಾಪಸು ಬಂದಿತ್ತು. ಮೊಣಕಾಲಿನ ಯಜಮಾನ ಅಷ್ಟೂ ದಿನ ಬಂದು ಬಂದು ಮೋಹನನಿಗೆ ಮಂಗಳಾರತಿ ಮಾಡಿ ಹೋಗಿದ್ದ.

ಹಾಗಾಗಿ ಎರಡು ಸಾವಿರದ ಏಳನೇ ಇಸವಿಯ ಫೆಬ್ರವರಿಯಲ್ಲಿ ಹೊಸ ಲೈನು ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಮೋಹನನೇ. ಹೆದ್ದಾರಿಯ ಬದಿಯಲ್ಲಿ ಅಗೆದು ಹೂತ ಗಾಜಿನ ಎಳೆಯ ಕೇಬಲ್ಲು. ಅದನ್ನು ಮೂರೂ ಶಾಖೆಗೆ ಎಳೆದದ್ದಾಯಿತು. ಪ್ಲೇಟುಗಳ ಚಿತ್ರಗಳನ್ನೆಲ್ಲ ಇಡುವ ದೊಡ್ಡ ಪೆಟ್ಟಿಗೆಯೊಂದು ಕುಮಟೆಯ ಎ.ಸಿ. ಕೋಣೆಯಲ್ಲಿ ಬಂದು ಕೂತಿತು. ಅದರ ಹೊಟ್ಟೆಯಲ್ಲಿ ಹನ್ನೆರಡು ಡಿಸ್ಕು, ಮುಂದುಗಡೆ ಹನ್ನೆರಡು ಹಸಿರು ದೀಪ. ಎಲ್ಲ ಜೋಡಿಸಲಿಕ್ಕೆ ಹುಬ್ಬಳ್ಳಿಯಿಂದ ಬಂದವನು ಸಂತೋಷ ಅಂತ ಒಬ್ಬ ಇಂಜಿನಿಯರ್. ಅವನು ಹೊನ್ನಾವರಕ್ಕೆ ಬಂದು ಮೋಹನನ ಕಂಪ್ಯೂಟರ್ ತೆರೆದರೆ, ಸಿ, ಡಿ ಅನ್ನುವ ಡ್ರೈವುಗಳ ಪಕ್ಕದಲ್ಲಿ ಹೊಸದಾಗಿ ಇನ್ನೊಂದು ಕೂತಿತ್ತು.

"ಇದು ಕುಮಟೆ ಪೆಟ್ಟಿಗೆ ನೋಡ್ರಿ," ಅಂದ ಸಂತೋಷ. "ನಿಮ್ಮ ಕಂಪ್ಯೂಟರಿಗೆ ಇದು ದೂರ ಐತಿ ಅಂತನೇ ಗೊತ್ತಿಲ್ಲ. ತನ್ನ ಹೊಟ್ಟಿಯೊಳಗಿನ ಡಿಸ್ಕು ಅಂತನೇ ತಿಳ್ಕೊಂಡೈತಿ. ನೀವು ಇಲ್ಲಿ ಇಟ್ರ ಅಲ್ಲಿ ಇಟ್ಟಂಗ. ಇಲ್ಲಿ ಅಳಿಸಿದ್ರ ಅಲ್ಲಿನೂ ಅಳಿಸಿದಂಗ."

"ಅಬ್ಬಾ, ಎಂತ ಮಾರಾಯ್ರೆ ಇದು! ಕುಮಟೆ ಬಸ್ಸು ಕಾಯೂದು ಬೇಡ, ಕಂಡಕ್ಟರನ ಕಾಲು ಹಿಡಿಯೂದು ಬೇಡ," ಅಂದ ಮೋಹನ. "ಡಿಸ್ಕು ಹಾಳಾದ್ರೆ?"

"ಒಂದೊಂದನ್ನೂ ಎರಡೆರಡು ಡಿಸ್ಕಿಗೆ ಬರೀತದ. ಒಂದು ಸತ್ರ ಇನ್ನೊಂದು ಇರ್ತದ. ಚಿಂತಿ ಬಿಡ್ರಿ."

ಚಿಂತೆ ಬಿಟ್ಟ. ಆದರೆ ಒಂದು ವಿಷಯಕ್ಕೆ ಇಬ್ಬರಿಗೂ ಚಕಮಕಿ ಆಯಿತು. ಪ್ಲೇಟುಗಳಿಗೆ ಹೆಸರಿಡಬೇಡಿ, ನಂಬರು ಕೊಡಿ ಅಂತ ಸಂತೋಷ. ಮೋಹನ ಸುತಾರಾಂ ಒಪ್ಪಲಿಲ್ಲ. ನಂಬರಿನ ಚೀಟಿ ಕೊಟ್ಟರೆ ಈ ಜನ ಅದನ್ನು ಕವಳದ ಸಂಚಿಯಲ್ಲಿಟ್ಟು ಸುಣ್ಣ ಮೆತ್ತಿಕೊಂಡು ಬರುತ್ತಾರೆ, ಇಲ್ಲವೆ ಅದರಲ್ಲೇ ಬೀಡಿ ಹೊತ್ತಿಸುತ್ತಾರೆ. ಚೀಟಿ ಕಳಕೊಂಡಾರು, ಹೆಸರು, ಊರು ಕಳಕೊಳ್ಳುತ್ತಾರೆಯೆ? ಒಂಬತ್ತು ವರ್ಷದಿಂದ ಹೀಗೇ ನಡೆದಿದೆ, ಭಟ್ಕಳದ ರೇಖಾಳಿಗೂ ತಾನೇ ಇದನ್ನು ಕಲಿಸಿದ್ದು, ಒಂದೇ ಒಂದು ಪ್ಲೇಟು ಹೆಚ್ಚುಕಮ್ಮಿ ಆದದ್ದಿಲ್ಲ. ಡಾಕ್ಟರ್ ಹೇಮಾ ಫೋನಿನಲ್ಲಿ, "ನೋಡು ಮೋಹನ, ನಿನ್ನ ಜವಾಬ್ದಾರಿ," ಅಂದರು. "ನಂದೇ ಮೇಡಂ," ಅಂದ ಮೋಹನ. ಹುಬ್ಬಳ್ಳಿಯವನಿಗೆ ಊಟದ ಹೊತ್ತಾಗಿತ್ತು, ಅವನು ಹೆಗಲು ಕುಣಿಸಿ ಹೋದ.

ಅದರ ಮುಂದಿನ ಸೋಮವಾರ ಕಮಲಿ ಗಂಡನನ್ನು ಕರೆದುಕೊಂಡು ಬಂದಳು. ಅರವತ್ತರ ಹತ್ತಿರದ ಹೆಂಗಸು, ಕಾಯ್ಕಿಣಿಯ ಕಡೆಯವಳು, ಗದ್ದೆ ಮತ್ತು ತರಕಾರಿ ಮಾಡುವ ಮನೆ. ಕಾಯ್ಕಿಣಿಯವರಿಗೆ ಈಚೆ ಬಂದರೆ ಹೊನ್ನಾವರ, ಆಚೆ ಹೋದರೆ ಭಟ್ಕಳ. ಯಾವ ಬಸ್ಸು ಮೊದಲು ಬಂತೋ ಆ ಊರಿನಲ್ಲಿ ಅವರ ಆಸ್ಪತ್ರೆ. ಕಮಲಿ ಎರಡು ವರ್ಷದ ಹಿಂದೆ ಸೊಂಟದ ಪ್ಲೇಟಿಗೆ ಬಂದಿದ್ದಳು, ಆಗಿನಿಂದ ಮೋಹನನಿಗೆ ಪರಿಚಯ.

"ಈ ಸಲ ನಂಗಲ್ಲ ತಮಾ, ಅವ್ರಿಗೆ. ದೀಪಾವಳಿಯಿಂದ ಕೆಮ್ಮು ಬಿಡ್ಲೇ ಇಲ್ಲ."

"ಹೆಸರು ಹೇಳಿ, ಬರ್ಕಳ್ತೆ."

ಕಮಲಿ ಸೆರಗಿನ ತುದಿ ಬಾಯಿಗೆ ಹಿಡಿದು ನಕ್ಕಳು. "ನಮ್ಮನೆಯವ್ರದ್ದು."

"ಅದು ಗೊತ್ತಾತು ಕಮಲಕ್ಕ. ಮನೆಯವರಿಗೊಂದು ಹೆಸರು ಅಂತ ಇರ್ತದಲ್ಲ?"

"ಅದೇ... ನಮ್ಮ ಮೊಮ್ಮಗಂಗೂ ಅದೇ ಇಟ್ಟದ್ದು."

"ಮೊಮ್ಮಗನನ್ನ ಎಂತ ಅಂತ ಕರೀತ್ರಿ?"

"ಪುಟ್ಟ ಅಂತ."

ಬೆಂಚಿನ ಮೇಲೆ ಕೂತವರೆಲ್ಲ ಗೊಳ್ಳೆಂದರು. "ಒಂದು ಸಲ ಹೇಳಿ ಕಮಲಕ್ಕ, ಯಮರಾಯ ಎಂತ ಇಲ್ಲೇ ಕೂತು ಬರ್ಕಳ್ತನಾ?" ಅಂದ ಮೋಹನ.

"ಹಂಗೆಲ್ಲ ಆಡ್ಬೇಡ ತಮಾ. ಗಂಡನ ಹೆಸ್ರು ಬಾಯಲ್ಲಿ ಬಂದ್ರೆ ಅವ್ರ ಆಯುಷ್ಯ ಸವೀತದೆ. ನಮ್ಮವ್ವ ಹೇಳಲಿಲ್ಲ, ಅತ್ತೆ ಹೇಳಲಿಲ್ಲ, ನಾ ಹೇಳ್ವವಳಾ?"

ಅಷ್ಟರಲ್ಲಿ ಬಾಗಿಲ ಹೊರಗೆ ಕವಳ ಉಗಿದು ಬಂದ ಉದ್ದನೆಯ ಆಳು, "ಬೊಮ್ಮಯ್ಯ ಅಂತ ಬರೀರಿ," ಅಂದ. "ಇವಳ ಬಾಯಲ್ಲಿ ನನ್ನ ಹೆಸ್ರು ಕೇಳ್ಬೇಕು ಅಂತ ಮೂವತ್ತೆಂಟು ವರ್ಷದಿಂದ ಕಾಯ್ತಾ ಇದ್ದೆ. ಸತ್ತ ಮೇಲಾದ್ರೂ ಹೇಳ್ತಾಳೋ ಏನೋ."

"ಥೂ, ನಿಮ್ಮ ಬಾಯಿಗಿಷ್ಟು!" ಅಂದಳು ಕಮಲಿ. ಮೋಹನ ಬೊಮ್ಮಯ್ಯ, ಕಾಯ್ಕಿಣಿ ಅಂತ ಟೈಪು ಮಾಡಿದ.

ಅಂಗಿ ಬಿಚ್ಚಿ ಯಂತ್ರದ ಎದುರು ನಿಲ್ಲಿಸಿದಾಗ ಬೊಮ್ಮಯ್ಯನ ಬಲಗಡೆ ಕೊರಳ ಕೆಳಗಿನ ಅಡ್ಡ ಎಲುಬಿನಲ್ಲಿ ಒಂದು ಗಂಟು ಎದ್ದು ಕಾಣುತ್ತಿತ್ತು. ಮದುವೆಯಾದ ವರ್ಷ ತೆಂಗಿನ ಮರದಿಂದ ಬಿದ್ದದ್ದಂತೆ. ಊರಿನ ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ ಕೂಡಿಸಿದ್ದರು. ಎಲುಬು ಕೂಡಿತ್ತು, ಸೊಟ್ಟಗೆ. ಮೋಹನ ಉಸಿರು ಹಿಡಿಯಿರಿ ಅಂದು ಗುಂಡಿ ಒತ್ತಿದ. ಪರದೆಯ ಮೇಲೆ ಚಿತ್ರ ಬಂತು. ಗಂಟು ಸ್ಪಷ್ಟವಾಗಿ ಕಂಡಿತು. ಅದರ ಕೆಳಗೆ, ಬಲ ಶ್ವಾಸಕೋಶದ ತುದಿಯಲ್ಲಿ, ಅಡಿಕೆಯಷ್ಟು ಗಾತ್ರದ ಬಿಳಿ ಕಲೆಯೂ ಕಂಡಿತು. ಮೋಹನ ಅದನ್ನು ಎರಡು ಸಲ ನೋಡಿದ. ನೋಡಿ ಹೊರಗೆ ಬಂದು, "ಬುಧವಾರ ಬನ್ನಿ ಕಮಲಕ್ಕ, ಡಾಕ್ಟ್ರು ಬರ್ದಿಡ್ತರೆ. ಇನ್ನು ಬಸ್ಸಿನ ಕಾರುಬಾರಿಲ್ಲ, ಕುಮಟೆಲಿ ಇದ್ದದ್ದೆಲ್ಲ ಇಲ್ಲೇ ಇದ್ದಂಗೆ," ಅಂತ ಹೇಳಿ ಕಳಿಸಿದ. ಕಾಯಿಲೆಯ ಮಾತು ಡಾಕ್ಟರದ್ದು, ಪ್ಲೇಟು ತೆಗೆಯುವವನು ಬಾಯಿ ಹಾಕಬಾರದು. ಅದೂ ಒಂಬತ್ತು ವರ್ಷದ ಪದ್ಧತಿಯೇ.

ಮಂಗಳವಾರ ಅವನಿಗೆ ಬೇರೆಯೇ ಕೆಲಸ. ಎರಡೂ ಶಾಖೆಯ ಕಂಪ್ಯೂಟರಿನಲ್ಲಿದ್ದ ಪ್ಲೇಟುಗಳನ್ನು ಕುಮಟೆಯ ಪೆಟ್ಟಿಗೆಗೆ ಸಾಗಿಸಬೇಕು. ಮೊದಲು ಹೊನ್ನಾವರದ್ದೆಲ್ಲ ಕಳಿಸಿದ. ಬಸ್ಸಿಗೆ ಕೊಟ್ಟರೆ ಒಂದು ಲಾರಿ ಲೋಡಾಗುವಷ್ಟು ಪ್ಲೇಟು ಚಾ ಕುಡಿದು ಬರುವುದರೊಳಗೆ ಕುಮಟೆ ಸೇರಿತ್ತು. ಆಮೇಲೆ ಭಟ್ಕಳದ್ದು. ಅದಕ್ಕೂ ಅವನು ಕುರ್ಚಿ ಬಿಟ್ಟು ಏಳಬೇಕಾಗಿರಲಿಲ್ಲ. ಹೊನ್ನಾವರದಲ್ಲಿ ಕೂತು, ಭಟ್ಕಳದ ಡಿಸ್ಕಿನಿಂದ ಎತ್ತಿ, ಕುಮಟೆಯ ಡಿಸ್ಕಿಗೆ ಹಾಕುವುದು. ತನ್ನ ಬೆರಳು ಎಷ್ಟು ಉದ್ದವಾಯಿತಪ್ಪಾ ಅಂತ ಮೋಹನನಿಗೆ ಖುಷಿಯೋ ಖುಷಿ.

ಮಧ್ಯದಲ್ಲಿ ಪರದೆ ನಿಂತು ಕೇಳಿತು: ಇದೇ ಹೆಸರಿನದೊಂದು ಆಗಲೇ ಇದೆ, ಅದನ್ನು ತೆಗೆದು ಇದನ್ನು ಇಡಲೆ? ಮೋಹನ ಹೌದು ಅಂದ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿತು. ಬೆಳಿಗ್ಗೆ ಒಮ್ಮೆ ಕರೆಂಟು ಹೋಗಿ ಅರ್ಧಕ್ಕೆ ನಿಂತದ್ದರಿಂದ ಹೋದವೇ ಮತ್ತೆ ಹೋಗುತ್ತಿರಬೇಕು ಅಂದುಕೊಂಡ. ಹೊರಗೆ ಜನ ಕಾಯುತ್ತಿದ್ದರು, ಹೊಟ್ಟೆ ತಾಳ ಹಾಕುತ್ತಿತ್ತು. ಮೂರನೆಯ ಸಲ ಕೇಳಿದಾಗ, "ಎಂತ ಕರಕರೆ ಇದರದ್ದು!" ಅಂತ ಬೈದು, 'ಎಲ್ಲದಕ್ಕೂ ಹೌದು' ಅನ್ನುವುದನ್ನು ಒತ್ತಿ ಊಟಕ್ಕೆ ಹೋದ.

ಬುಧವಾರ ರಿಪೋರ್ಟು ಪರದೆಗೆ ಬಂತು. ಬೊಮ್ಮಯ್ಯ, ಕಾಯ್ಕಿಣಿ. ಶ್ವಾಸಕೋಶ ಎರಡೂ ಶುದ್ಧ, ಏನೂ ತೊಂದರೆಯಿಲ್ಲ. ಮೋಹನನ ಕಣ್ಣಿಗೆ ಆ ಅಡಿಕೆ ಗಾತ್ರದ ಬಿಳಿ ಕಲೆ ಬಂದು ನಿಂತಿತು. ಹೌದಲ್ಲ, ನಾನು ಕಂಡಿದ್ದೆನಲ್ಲ? ಒಂದು ಸಲ ತೆರೆದು ನೋಡಬಹುದಿತ್ತು. ಕುಮಟೆ ಒಂದು ಬೆರಳಿನ ದೂರದಲ್ಲಿತ್ತು. ಆದರೆ ಬೆಂಚಿನ ಮೇಲೆ ಹದಿನಾಲ್ಕು ಮಂದಿ ಇದ್ದರು, ಡಾಕ್ಟರಿಗಿಂತ ತಾನು ದೊಡ್ಡವನೋ ಅಂತ ತನ್ನನ್ನೇ ಗದರಿಕೊಂಡು ಕಾಗದ ಪ್ರಿಂಟು ತೆಗೆದ.

"ಎದೆ ಸಾಫ್ ಅದೆ ಕಮಲಕ್ಕ. ಹೆದರೂದು ಬೇಡ. ಬೀಡಿ ಬಿಡ್ಲಿ ಅಷ್ಟೇ."

ಕಮಲಿಯ ಮುಖ ಅರಳಿತು. ಚೀಲದಿಂದ ಎರಡು ಮೊಗೆಕಾಯಿ, ಒಂದು ಕಟ್ಟು ಬಸಳೆ ತೆಗೆದು ಮೇಜಿನ ಮೇಲಿಟ್ಟಳು. ಬೇಡ ಬೇಡ ಅಂದರೂ ಬಿಡಲಿಲ್ಲ. "ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ತಮಾ, ನಮ್ಮಲ್ಲಿ ಬೆಳೆದದ್ದು ಇದು," ಅಂದಳು. ಆ ದಿನ ಮೋಹನನ ಮನೆಯಲ್ಲಿ ಬಸಳೆ ಸಾರು. ರುಚಿಯಾಗಿತ್ತು.

ಮುಂದಿನ ತಿಂಗಳು ಸಂತೋಷನ ಮಾತಿನಂತೆ ಶಾಖೆಯ ಕಂಪ್ಯೂಟರುಗಳನ್ನು ಖಾಲಿ ಮಾಡಿದರು. ಇನ್ನು ಎಲ್ಲವೂ ಕುಮಟೆಯಲ್ಲಿ ಇರುವಾಗ ಇಲ್ಲಿ ಯಾಕೆ ಜಾಗ ತಿನ್ನಬೇಕು?

ಮೇ ತಿಂಗಳ ನಡುವೆ ಭಟ್ಕಳದಿಂದ ರೇಖಾ ಫೋನು ಮಾಡಿದಳು. "ಮೋಹನಣ್ಣ, ಕಾಯ್ಕಿಣಿಯ ಬೊಮ್ಮಯ್ಯ ಅಂತ ಒಬ್ಬ ಹುಡುಗ, ಇಪ್ಪತ್ಮೂರು ವರ್ಷ, ದುಬೈಗೆ ಹೋಗುಕೆ ಮೆಡಿಕಲ್ ಮಾಡ್ಸಿದ್ದ ಜನವರಿಲಿ. ಏಜೆಂಟ್ರು ಪ್ಲೇಟಿನ ಇನ್ನೊಂದು ಪ್ರತಿ ಕೇಳ್ತ್ರು. ಅದು ಪೆಟ್ಟಿಗೆಲಿ ಸಿಕ್ತು ಮಾರಾಯ್ರೆ. ಆದ್ರೆ ರಿಪೋರ್ಟ್ ಮಾತ್ರ ಎರಡು ಅದೆ, ಒಂದು ಫೆಬ್ರವರಿದು, ಅರವತ್ತೆರಡು ವರ್ಷ ಅಂತ. ನಿಮ್ಮಲ್ಲೂ ಒಬ್ಬ ಬೊಮ್ಮಯ್ಯ ಬಂದಿದ್ನನ?"

ಮೋಹನ ಫೋನು ಹಿಡಿದುಕೊಂಡೇ ತೆರೆದು ನೋಡಿದ. ಮೂಲೆಯಲ್ಲಿ ಬೊಮ್ಮಯ್ಯ, ಕಾಯ್ಕಿಣಿ ಅಂತ ಸರಿಯಾಗಿಯೇ ಇತ್ತು. ತಾರೀಕು ಮಾತ್ರ ಜನವರಿಯದು. ಬಲಗಡೆಯ ಅಡ್ಡ ಎಲುಬು ನೆಟ್ಟಗೆ, ನುಣ್ಣಗೆ, ಒಂದು ಗೀರೂ ಇಲ್ಲದೆ ಮಲಗಿತ್ತು. ಗಂಟು ಇಲ್ಲ. ಗಂಟಿನ ಕೆಳಗಿನ ಕಲೆಯೂ ಇಲ್ಲ. ಡಾಕ್ಟರ್ ಹೇಮಾ ಸುಳ್ಳು ಬರೆದಿರಲಿಲ್ಲ. ಅವರೆದುರು ಇದ್ದದ್ದು ಬೇರೆ ಯಾರದೋ ಎದೆ.

"ಮೋಹನಣ್ಣ? ಎಂತ ಆತು? ಮಾತಾಡಿ."

ಅವನಿಗೆ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಒಳಗೆ ಏನೂ ಇರಲಿಲ್ಲ. ರೇಖಾಳಿಗೆ ನಡೆದದ್ದು ಹೇಳಿದ, ಬೇರೆಯವರ ಸುದ್ದಿ ಹೇಳುವವನ ಹಾಗೆ. ಆಮೇಲೆ ಸಂತೋಷನಿಗೆ ಫೋನು ಹಚ್ಚಿದ.

"ಎರಡೆರಡು ಡಿಸ್ಕಿಗೆ ಬರೀತದೆ ಅಂದಿದ್ರಲ್ಲ? ಇನ್ನೊಂದರಲ್ಲಿ ಹಳೇದು ಇರ್ತದಲ್ಲ?"

"ಇಲ್ರೀ. ನೀವು ಹೌದು ಅಂದಾಗ ಎರಡಕ್ಕೂ ಒಮ್ಮೆಲೇ ಬರೀತದ. ಡಿಸ್ಕು ಸತ್ರ ಉಳಿಸ್ತದ, ಮನುಷ್ಯಾ ಒತ್ತಿದ್ದನ್ನ ಹೆಂಗ ಉಳಿಸ್ತದ? ನಂಬರ್ ಹಾಕ್ರಿ ಅಂತ ಅವತ್ತೇ ಬಡ್ಕೊಂಡೆ."

ಮೋಹನ ಒಂದೊಂದೇ ಲೆಕ್ಕ ಹಾಕಿ ನೋಡಿದ. ಹೀಗೆ ಹನ್ನೊಂದು ಹೆಸರು ಒಂದರ ಮೇಲೊಂದು ಕೂತಿದ್ದವು. ಹತ್ತು ಹಳೆಯವು, ವಾಸಿಯಾದ ಕೈಕಾಲುಗಳು, ಕೇಳುವವರಿಲ್ಲ. ಹನ್ನೊಂದನೆಯದು ಕಮಲಿಯ ಗಂಡ ಬೊಮ್ಮಯ್ಯನದು. ಅದು ಎಲ್ಲಿಯೂ ಇರಲಿಲ್ಲ, ಈ ಕಂಪ್ಯೂಟರಿನಲ್ಲಿಯೂ ಇಲ್ಲ, ಕುಮಟೆಯಲ್ಲಿಯೂ ಇಲ್ಲ.

ಪ್ಲೇಟು ಹೋದರೆ ಹೋಗಲಿ, ಮನುಷ್ಯ ಇದ್ದಾನಲ್ಲ! ಕರೆದು ಇನ್ನೊಂದು ತೆಗೆದರೆ ಮುಗಿಯಿತು. ಎಂಥ ದಡ್ಡನಿಗೂ ಹೊಳೆಯುವ ಮಾತು ಇದು, ಮೋಹನನಿಗೂ ಹೊಳೆಯಿತು. "ಮೇಡಂಗೆ ಹೇಳಿ, ಇಲ್ಲ ನೀವೇ ಹೋಗಿ ಕರ್ಕಂಡು ಬನ್ನಿ," ಅಂತ ರೇಖಾ ಮರುದಿನ ಮತ್ತೆ ಹೇಳಿದಳು. ಆತು ಅಂದ. ಮೇಡಂಗೆ ಹೇಳಲಿಕ್ಕೆ ಫೋನಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. 'ನಂದೇ ಮೇಡಂ' ಅಂದ ತನ್ನದೇ ದನಿ ಕಿವಿಗೆ ಕೇಳಿ ವಾಪಸು ಬರುತ್ತಿದ್ದ. ಊಟ ಮಾಡುತ್ತಿದ್ದ, ನಿದ್ದೆಯೂ ಬರುತ್ತಿತ್ತು. ನಿದ್ದೆ ಬರುತ್ತದಲ್ಲ ಅಂತ ಅವನಿಗೇ ಆಶ್ಚರ್ಯವಾಗುತ್ತಿತ್ತು. ಉಸಿರು ಹಿಡಿಯಿರಿ, ಬಿಡಿ, ಉಸಿರು ಹಿಡಿಯಿರಿ, ಬಿಡಿ. ಹೀಗೆ ಹತ್ತು ದಿನ ಕಳೆದವು.

ಮೇ ಕೊನೆಯ ಭಾನುವಾರ ಅಂತೂ ಇಂತೂ ಭಟ್ಕಳದ ಬಸ್ಸು ಹತ್ತಿ ಹೋಗಿ ಕಾಯ್ಕಿಣಿಯ ತಿರುವಿನಲ್ಲಿ ಇಳಿದ. ಅಲ್ಲಿನ ಗೂಡಂಗಡಿಯವನ ಹತ್ತಿರ ಬೊಮ್ಮಯ್ಯನ ಮನೆ ಎಲ್ಲಿ ಅಂತ ಕೇಳಿದ.

"ಯಾವ ಬೊಮ್ಮಯ್ಯ? ನಮ್ಮಲ್ಲಿ ಅಜ್ಜನ ಹೆಸ್ರು ಮೊಮ್ಮಗಂಗೆ ಇಡೂದು, ಈ ಕೇರಿಲೇ ನಾಕು ಬೊಮ್ಮಯ್ಯ ಇದ್ರು. ಪ್ಲೇಟಿನ ಸೆಂಟರಿಂದ ಬಂದ್ರಾ? ಹಂಗಾರೆ ದುಬೈಗೆ ಹೋಗ್ವವ್ನೇ ಇರ್ಬೇಕು."

ಮೋಹನ ಅಲ್ಲ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಅಂತ ಅವನನ್ನೇ ಕೇಳಬೇಕು. ಕಮಲಿಯ ಮನೆ ಅಂದಿದ್ದರೆ ಸಾಕಿತ್ತು. ದುಬೈ ಬೊಮ್ಮಯ್ಯನ ಮನೆಯವರು ಕುರ್ಚಿ ಹಾಕಿ ಚಾ, ಅವಲಕ್ಕಿ ಕೊಟ್ಟು ಉಪಚರಿಸಿದರು. ಹುಡುಗ ಹೋಗಿ ನಾಲ್ಕು ದಿನವಾಗಿತ್ತು. "ನೀವು ಪ್ಲೇಟು ಚಲೋ ತೆಗ್ದಿದ್ರಿ, ಒಂದೇ ಸಲಕ್ಕೆ ಪಾಸಾತು," ಅಂದಳು ಅವನ ತಾಯಿ. ಮೋಹನ ಚಾ ಕುಡಿದ. ಹೊರಡುವಾಗ ಅಂಗಳದ ಬೇಲಿಯ ಹತ್ತಿರ ನಿಂತು, ಇನ್ನೊಬ್ಬ ಬೊಮ್ಮಯ್ಯ, ವಯಸ್ಸಾದವರು, ಕೆಮ್ಮು ಇತ್ತಲ್ಲ, ಅವರು ಹೇಗಿದ್ದಾರೆ ಅಂತ ಕೇಳಿದ.

"ಕಮಲಿ ಮನೆಯವ್ರಾ? ಅಕಾ, ಅಲ್ಲೇ ಇದ್ರಲ್ಲ," ಅಂತ ಅವಳು ಕೈ ತೋರಿಸಿದಳು.

ಎರಡು ಗದ್ದೆಯಾಚೆ ಉದ್ದನೆಯ ಆಳು ತಲೆಯ ಮೇಲೆ ಗೊಬ್ಬರದ ಬುಟ್ಟಿ ಹೊತ್ತು ಬದುವಿನ ಮೇಲೆ ನಡೆಯುತ್ತಿದ್ದ. ಬೆನ್ನು ನೆಟ್ಟಗಿತ್ತು. ಬುಟ್ಟಿ ಇಳಿಸಿ, ಸುರುವಿ, ಮತ್ತೆ ತರಲಿಕ್ಕೆ ಹೋದ. ಮೋಹನ ನೋಡುತ್ತ ನಿಂತ. ಮೂರು ಬುಟ್ಟಿ ಎಣಿಸಿದ. ಇಷ್ಟು ಭಾರ ಹೊರುವ ಮನುಷ್ಯನಿಗೆ ಕಾಯಿಲೆ ಎಂಥದ್ದು? ಆ ಕಲೆಯೂ ಯಂತ್ರದ್ದೇ ದೋಷ ಇರಬೇಕು, ಅಥವಾ ತನ್ನ ಕಣ್ಣಿನದು. ಒಂದು ಕೂಗು ಹಾಕಿದ್ದರೆ ಕೇಳುವ ದೂರ. ಗಂಟಲಿನವರೆಗೆ ಬಂತು ಹೆಸರು. ಕೂಗಿದರೆ ಅವರು ತಿರುಗುತ್ತಾರೆ, ತಿರುಗಿದರೆ ಹತ್ತಿರ ಬರುತ್ತಾರೆ, ಬಂದರೆ ಹೇಳಬೇಕು. ಅಷ್ಟರಲ್ಲಿ ಹೊನ್ನಾವರದ ಬಸ್ಸಿನ ಹಾರನ್ನು ಕೇಳಿಸಿತು. ಮೋಹನ ಓಡಿ ಹೋಗಿ ಹತ್ತಿದ.

ರೇಖಾ ಕೇಳಿದಳು. "ಕಂಡು ಬಂದೆ. ಗಟ್ಟಿಮುಟ್ಟಾಗಿ ಇದ್ರು," ಅಂದ. ಅದು ಸುಳ್ಳಾಗಿರಲಿಲ್ಲ, ಆದ್ದರಿಂದ ಇನ್ನೂ ಕೆಟ್ಟದ್ದು.

ಮಳೆ ಹಿಡಿಯಿತು, ಬಿಟ್ಟಿತು. ಚೌತಿ ಕಳೆಯಿತು. ಪೆಟ್ಟಿಗೆಯ ಹನ್ನೆರಡು ದೀಪ ಕುಮಟೆಯಲ್ಲಿ ಹಸಿರಾಗಿಯೇ ಉರಿಯುತ್ತಿದ್ದವು. ಆಷಾಢದಲ್ಲಿ ಮೋಹನ ಯಾರಿಗೂ ಹೇಳದೆ ನಂಬರಿನ ಪದ್ಧತಿ ಶುರುಮಾಡಿದ್ದ. ಜನ ಚೀಟಿ ಕಳೆದುಕೊಂಡು ಬಂದು ಬೈಯುತ್ತಿದ್ದರು, ಬೈಸಿಕೊಳ್ಳುತ್ತಿದ್ದ. ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ತಲೆ ಎತ್ತಿದರೆ ಎದುರಿಗೆ ಕಮಲಿ ನಿಂತಿದ್ದಳು. ಒಬ್ಬಳೇ. ಕೈಯಲ್ಲಿ ಚೀಲ ಇರಲಿಲ್ಲ.

"ಒಂದು ಪ್ಲೇಟು ಬೇಕಿತ್ತು ತಮಾ. ಹೊಸತಲ್ಲ. ಅವತ್ತು ನೀ ತೆಗ್ದದ್ದು."

ಮೋಹನ ಪುಸ್ತಕ ಎಳೆದುಕೊಂಡ. "ಮನೆಯವರದ್ದಲ್ಲ? ಹೆಸರು ನಾನೇ ಬರ್ಕಳ್ತೆ..."

"ಬೊಮ್ಮಯ್ಯ," ಅಂದಳು ಕಮಲಿ. "ಕಾಯ್ಕಿಣಿ ಬೊಮ್ಮಯ್ಯ."

ಪೆನ್ನು ಅಲ್ಲೇ ನಿಂತಿತು. ಮೂವತ್ತೆಂಟು ವರ್ಷ ಬಾಯೊಳಗೇ ಕಾಪಾಡಿಕೊಂಡು ಬಂದ ಹೆಸರನ್ನು ಅವಳು ಪೇಟೆಯಲ್ಲಿ ಉಪ್ಪು ಕೇಳುವ ಹಾಗೆ ಹೇಳಿದ್ದಳು. ಇನ್ನು ಕಾಪಾಡುವುದು ಏನೂ ಉಳಿದಿರಲಿಲ್ಲ. ಅವಳ ಕೊರಳು ಬರಿದಾಗಿದ್ದದ್ದು ಮೋಹನನಿಗೆ ಆಗ ಕಂಡಿತು.

"ಯಾವಾಗ?" ಅಂದ.

"ಚೌತಿ ಮುಗ್ದು ಒಂಬತ್ತು ದಿನಕ್ಕೆ. ಗದ್ದೆ ನಟ್ಟಿ ಆದ ಮೇಲೆ ಕೆಮ್ಮಿದ್ರೆ ರಕ್ತ ಬರುಕೆ ಶುರು ಆತು. ದೊಡ್ಡ ಆಸ್ಪತ್ರೆಗೆ ಒಯ್ದ್ರೆ, ಕ್ಷಯ ಇದು, ನಾಕು ತಿಂಗ್ಳು ಮುಂಚೆ ಬಂದಿದ್ರೆ ಮಾತ್ರೆಲೇ ಗುಣ ಆಗ್ತಿತ್ತು ಅಂದ್ರು. ಮುಂಚೆನೇ ಹೋಗಿದ್ದೆವಪ್ಪ, ಎದೆ ಸಾಫ್ ಅದೆ ಅಂದಿದ್ರು ಅಂತ ನಾ ಹೇಳ್ದೆ. ಆ ಧೈರ್ಯದಲ್ಲೇ ಕೆಮ್ಮಿಗೆ ಕಷಾಯ ಕೊಡ್ತಾ ಕೂತೆ." ಅವಳ ದನಿಯಲ್ಲಿ ಅಳು ಇರಲಿಲ್ಲ, ಅತ್ತು ಮುಗಿದಿತ್ತು. "ಅವ್ರದ್ದೊಂದು ಫೋಟೋ ಇಲ್ಲ ತಮಾ. ವೋಟಿನ ಕಾರ್ಡಿನಲ್ಲಿ ಬರೀ ಕಪ್ಪು, ಅವ್ರಾ ಬೇರೆಯವ್ರಾ ಗೊತ್ತಾಗೂದಿಲ್ಲ. ಒಳಗಿಂದಾದ್ರೂ ಅಡ್ಡಿಲ್ಲ, ನೀ ತೆಗ್ದದ್ದು ಒಂದು ಅದೆಯಲ್ಲ. ಅದನ್ನ ಕೊಡು."

ಇಲ್ಲ ಅನ್ನಬಹುದಿತ್ತು. ಮೋಹನನ ಕೈ ತನ್ನಷ್ಟಕ್ಕೇ ಕುಮಟೆಯ ಡ್ರೈವು ತೆರೆಯಿತು, ಬೊಮ್ಮಯ್ಯ, ಕಾಯ್ಕಿಣಿ ಅನ್ನುವುದನ್ನು ಹುಡುಕಿತು, ಪ್ರಿಂಟು ಒತ್ತಿತು. ಬಿಸಿ ಬಿಸಿ ಪ್ಲೇಟು ಹೊರಗೆ ಬಂತು. ಕಮಲಿ ಎರಡೂ ಕೈ ಒಡ್ಡಿ ತೆಗೆದುಕೊಂಡು, ಬಾಗಿಲಿನ ಬೆಳಕಿಗೆ ಹೋಗಿ ಎತ್ತಿ ಹಿಡಿದಳು. ಬಹಳ ಹೊತ್ತು ನೋಡಿದಳು. ಬಲಗೈಯ ಬೆರಳು ಮೆಲ್ಲಗೆ ಕೊರಳ ಕೆಳಗಿನ ಅಡ್ಡ ಎಲುಬಿನ ಮೇಲೆ ಹೋಯಿತು, ಆಚೆ ತುದಿಯಿಂದ ಈಚೆ ತುದಿಗೆ ಬಂತು, ಮತ್ತೆ ಹೋಯಿತು.

"ಗಂಟು ಎಲ್ಲದೆ?" ಅಂದಳು.

ಮೋಹನ ಪುಸ್ತಕ ಮುಚ್ಚಿದ.

"ಎಣ್ಣೆ ತಿಕ್ಕಿದ್ದು ನಾನು ತಮಾ, ಮೂವತ್ತೆಂಟು ವರ್ಷ. ಇದು ಅವ್ರದ್ದಲ್ಲ. ಬೇರೆ ಯಾರದ್ದೋ ಬಂದದೆ. ಕುಮಟೆಲಿ ಇದ್ದದ್ದೆಲ್ಲ ಇಲ್ಲೇ ಇದ್ದಂಗೆ ಅಂತ ನೀನೇ ಹೇಳಿದ್ದೆ. ಸಮಾ ಹುಡ್ಕು. ನಂಗೆ ಬಸ್ಸಿಗೆ ಇನ್ನೂ ಹೊತ್ತದೆ."

ಅಷ್ಟು ಹೇಳಿ ಅವಳು ಬೆಂಚಿನ ಮೇಲೆ ಕಾಲು ಕೂಡಿಸಿ ಕೂತಳು. ಆತುರವೇನೂ ಇರಲಿಲ್ಲ ಅವಳಿಗೆ, ಸಿಗುತ್ತದೆ ಅಂತ ನಂಬಿ ಕೂತಿದ್ದಳು. ಮೋಹನ ಪರದೆ ನೋಡಿದ. ಅಲ್ಲಿ ಹುಡುಕಲಿಕ್ಕೆ ಏನೂ ಇರಲಿಲ್ಲ. ಎದ್ದು, ಮೇಜಿನ ಹಲಗೆ ಎತ್ತಿ ಈಚೆ ಬಂದು, ಬೆಂಚಿನ ಇನ್ನೊಂದು ತುದಿಗೆ ಕೂತ. ಐದು ತಿಂಗಳಿನಿಂದ ಎಲ್ಲಿಯೂ ಹೊರಡದ ಮಾತು ಆಗ ಹೊರಟಿತು. ದುಬೈ ಹುಡುಗನ ಪ್ಲೇಟು, ಒಂದೇ ಹೆಸರು, ಒಂದೇ ಊರು, ಪರದೆ ಕೇಳಿದ್ದು, ತಾನು ಎಲ್ಲದಕ್ಕೂ ಹೌದು ಅಂದದ್ದು, ಅವತ್ತೇ ಆ ಕಲೆ ಕಂಡಿದ್ದದ್ದು. ಒಂದನ್ನೂ ಬಿಡದೆ ಹೇಳಿದ. ಹೇಳುವಾಗಲೂ ಅವನ ಕಣ್ಣು ಒಣಗಿಯೇ ಇತ್ತು.

ಕಮಲಿ ಪ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು. ಪೆಟ್ಟಿಗೆ, ಡಿಸ್ಕು ಅವಳಿಗೆ ಎಷ್ಟು ತಿಳಿಯಿತೋ ಬಿಟ್ಟಿತೋ. ಕೊನೆಗೆ ಒಂದೇ ಮಾತು ಕೇಳಿದಳು.

"ನಿಂಗೆ ಯಾವಾಗ ಗೊತ್ತಾತು?"

"ಮಳೆ ಹಿಡಿಯುಕೆ ಮುಂಚೆ. ಹೇಳುಕೆ ಅಂತ ನಿಮ್ಮ ಊರಿಗೂ ಬಂದಿದ್ದೆ ಕಮಲಕ್ಕ. ಅವ್ರು ಗೊಬ್ಬರ ಹೊರ್ತಾ ಇದ್ರು. ಬೇಲಿ ಹತ್ರ ನಿಂತು ನೋಡ್ದೆ."

"ಕಂಡಿದ್ಯಾ?"

"ಕಂಡೆ. ಎರಡು ಗದ್ದೆ ಆಚೆ."

"ಕರೀಲಿಲ್ವಾ?"

"ಇಲ್ಲ."

ಕಮಲಿ ಅವನ ಮುಖವನ್ನೇ ನೋಡಿದಳು. "ಹೆಸ್ರು ಕೂಗುಕಾಗದವ್ಳು ನಾನು ತಮಾ," ಅಂದಳು. "ನಿಂಗೆಂತ ಆಗಿತ್ತು?"

ಪ್ಲೇಟನ್ನು ಬೆಂಚಿನ ಮೇಲೆ ಬಿಟ್ಟು, ಸೆರಗು ಸರಿಮಾಡಿಕೊಂಡು ಅವಳು ಬಸ್ಸಿಗೆ ಹೋದಳು.